ಡಾಕ್ಟರ್‌ನನ್ನು ಮತ್ತೆ ಮೊದಲಿನಿಂದ ಶುರು ಮಾಡಬೇಡಿ: ಬಿಬಿಸಿಗೆ ಒಂದು ಬಹಿರಂಗ ಪತ್ರ

ಬಿಬಿಸಿಯಲ್ಲಿ ಕೂತು ‘ಡಾಕ್ಟರ್ ಹೂ’ ಸೀರಿಯಲ್‌ನ ಮುಂದಿನ ದಾರಿ ತೀರ್ಮಾನಿಸುವವರಿಗೆ,

ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಈ ಸೀರಿಯಲ್ ಅನ್ನು ರೀಬೂಟ್ ಮಾಡಬೇಡಿ. ಬೇಕಾದರೆ ಕೆಲವು ವರ್ಷ ನಿಲ್ಲಿಸಿ. ಬರೆಯುವವರನ್ನು ಬದಲಿಸಿ, ನಟರನ್ನು ಬದಲಿಸಿ, ಖರ್ಚು ಕಡಿಮೆ ಮಾಡಿ, ವರ್ಷಕ್ಕೆ ನಾಲ್ಕೇ ಕಂತು ಮಾಡಿ. ಇಂಥದ್ದೆಲ್ಲ ಹಿಂದೆಯೂ ಆಗಿದೆ, ಸೀರಿಯಲ್ ತಡೆದುಕೊಂಡಿದೆ. ಆದರೆ 1963ರಿಂದ ನಡೆದದ್ದು ಯಾವುದೂ ನಡೆದೇ ಇಲ್ಲ ಅಂತ ಸಾರಿ, ಹೊಸದೊಬ್ಬ ಡಾಕ್ಟರ್ ಮೊದಲ ಸಲ ಆ ನೀಲಿ ಪೆಟ್ಟಿಗೆ ಹತ್ತುವಲ್ಲಿಂದ ಕಥೆ ಶುರು ಮಾಡುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ.

ಈಗಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಇಂಥ ಯೋಚನೆ ಹುಟ್ಟುವುದೇ ಇಂಥ ಹೊತ್ತಿನಲ್ಲಿ. 2025ರ ಮೇ 31ರಂದು ಬಂದ ಕಂತಿನ ಕೊನೆಯಲ್ಲಿ ಶೂಟಿ ಗಾಟ್ವಾ ಅವರ ಡಾಕ್ಟರ್ ಹೋಗಿ, ಹಿಂದೆ ಡಾಕ್ಟರ್‌ನ ಜೊತೆಗಾತಿ ರೋಸ್ ಆಗಿದ್ದ ಬಿಲ್ಲಿ ಪೈಪರ್ ಅವರ ಮುಖ ಬಂತು, ಅದು ಯಾಕೆ ಬಂತು ಅಂತ ಹೇಳದೆಯೇ ತೆರೆ ಬಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಡಿಸ್ನಿ ಜೊತೆಗಿನ ಒಪ್ಪಂದ ಮುಗಿಯಿತು ಅನ್ನುವ ಸುದ್ದಿ ಬಂತು, 2026ರ ಕ್ರಿಸ್‌ಮಸ್‌ಗೆ ಒಂದು ವಿಶೇಷ ಕಂತು ಇದೆ ಅಂತ ನೀವು ಹೇಳಿದಿರಿ. ಅಲ್ಲಿಂದಾಚೆಗೆ ಏನು ಅನ್ನುವ ಪ್ರಶ್ನೆ ಬಂದಾಗೆಲ್ಲ ಅಭಿಮಾನಿಗಳಲ್ಲೇ ಒಂದಷ್ಟು ಜನ ಒಂದೇ ಮಾತು ಹೇಳುತ್ತಾರೆ: ಕಥೆ ಗೋಜಲಾಗಿದೆ, ಹಳೆಯದನ್ನೆಲ್ಲ ಬಿಟ್ಟು ಮೊದಲಿಂದ ಶುರು ಮಾಡಿ. ನಿಮ್ಮ ಮೀಟಿಂಗ್‌ಗಳಲ್ಲೂ ಯಾರಾದರೂ ಈ ಮಾತು ಎತ್ತಬಹುದು. ಹಾಗೆ ಎತ್ತಿದಾಗ ಎದುರು ಹೇಳಲು ಒಬ್ಬರಾದರೂ ಇರಲಿ ಅಂತ ಈ ಪತ್ರ.

ಸೀರಿಯಲ್ ನೋಡದವರೂ ಇದನ್ನು ಓದಬಹುದು, ಅವರಿಗಾಗಿ ಎರಡು ಮಾತು. ಡಾಕ್ಟರ್ ಅಂದರೆ ಕಾಲದಲ್ಲಿ ಹಿಂದೆ ಮುಂದೆ ಓಡಾಡುವ, ಬೇರೆ ಗ್ರಹದಿಂದ ಬಂದ ಅಲೆಮಾರಿ. ನಿಜವಾದ ಹೆಸರು ಗೊತ್ತಿಲ್ಲ. ಅವನ ಯಂತ್ರ ಟಾರ್ಡಿಸ್, ಹೊರಗಿನಿಂದ ನೋಡಿದರೆ ಬ್ರಿಟನ್ನಿನ ಹಳೇ ಕಾಲದ ನೀಲಿ ಪೊಲೀಸ್ ಪೆಟ್ಟಿಗೆ, ಒಳಗೆ ಹೋದರೆ ಎಷ್ಟು ನಡೆದರೂ ಮುಗಿಯದ ಜಾಗ. ಸಾಯುವ ಹೊತ್ತಿಗೆ ಅವನ ದೇಹ ಪೂರ್ತಿ ಬದಲಾಗುತ್ತದೆ. ಮುಖ ಬೇರೆ, ಸ್ವಭಾವ ಬೇರೆ, ಒಮ್ಮೊಮ್ಮೆ ಗಂಡು ಹೋಗಿ ಹೆಣ್ಣು. ನೆನಪು ಮಾತ್ರ ಅದೇ. ಮೊದಲ ಕಂತು ಪ್ರಸಾರವಾದದ್ದು 1963ರ ನವೆಂಬರ್ 23ರಂದು, ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯಾದ ಮಾರನೇ ದಿನ. ಹಾಗಾಗಿ ಮುಂದಿನ ವಾರ ಎರಡನೇ ಕಂತಿಗೆ ಮೊದಲು ಅದನ್ನೇ ಇನ್ನೊಮ್ಮೆ ತೋರಿಸಿದರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಅವರಿಗೆ ಆಗ 27 ವರ್ಷ. ಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ನಮ್ಮ ಲಖನೌದಲ್ಲಿ ಹುಟ್ಟಿದವರು, ಅವರಿಗೆ ಇನ್ನೂ 24. ಇಷ್ಟು ಚಿಕ್ಕ ವಯಸ್ಸಿನವರ ಕೈಗೆ ಇಷ್ಟು ವಿಚಿತ್ರವಾದ ಕಥೆ ಕೊಟ್ಟ ಧೈರ್ಯ ನಿಮ್ಮ ಸಂಸ್ಥೆಯದೇ, ಅದನ್ನು ನಾನು ಮರೆತಿಲ್ಲ.

ರೀಬೂಟ್ ಎಲ್ಲೂ ಕೂಡದು ಅನ್ನುವ ವಾದ ನನ್ನದಲ್ಲ. ‘ಬ್ಯಾಟಲ್‌ಸ್ಟಾರ್ ಗಲಾಕ್ಟಿಕಾ’ ನೋಡಿ. 1978ರಲ್ಲಿ ಬಂದಾಗ ಒಂದೇ ಸೀಸನ್ ನಡೆಯಿತು, ಆಮೇಲೆ 1980ರಲ್ಲಿ ಒಂದು ಚಿಕ್ಕ ಬಾಲ. ಯಂತ್ರಮಾನವರು ಮನುಷ್ಯರ ಗ್ರಹಗಳನ್ನೆಲ್ಲ ನಾಶ ಮಾಡಿದ್ದಾರೆ, ಉಳಿದ ಕೆಲವೇ ಸಾವಿರ ಜನ ಹಡಗುಗಳಲ್ಲಿ ಓಡುತ್ತಿದ್ದಾರೆ. ಎಂಥಾ ಕಥೆ ಅಲ್ವಾ! ಆದರೆ ಆ ಸೀರಿಯಲ್‌ಗೆ ಅದರ ಭಾರ ಹೊರಲು ಆಗಲಿಲ್ಲ, ಅಷ್ಟು ದೊಡ್ಡ ಸಾವಿನ ನಂತರವೂ ಎಲ್ಲರೂ ಹಗುರವಾಗಿಯೇ ಓಡಾಡಿಕೊಂಡಿದ್ದರು. 2003ರಲ್ಲಿ ರೊನಾಲ್ಡ್ ಮೂರ್ ಅದನ್ನು ಮೊದಲಿಂದ ಹೇಳಿದಾಗ, ಇಷ್ಟು ಜನ ಸತ್ತ ಮೇಲೆ ಉಳಿದವರನ್ನು ಆಳುವವರು ಯಾರು, ನೀರು ಎಲ್ಲಿಂದ ಬರಬೇಕು, ಚುನಾವಣೆ ನಡೆಸಬೇಕಾ ಬೇಡವಾ ಅನ್ನುವ ಪ್ರಶ್ನೆಗಳನ್ನೆಲ್ಲ ಕೇಳಿದರು. ಅದು 2009ರವರೆಗೆ ನಡೆಯಿತು, ಹಳೆಯದಕ್ಕಿಂತ ಎಷ್ಟೋ ದೊಡ್ಡದಾಗಿ ಬೆಳೆಯಿತು. ಅಲ್ಲಿ ರೀಬೂಟ್ ಸರಿಯಾಗಿತ್ತು, ಯಾಕೆಂದರೆ ಹಳೆಯದು ಅರ್ಧಕ್ಕೇ ನಿಂತ ಕಥೆ, ಕಳೆದುಕೊಳ್ಳಲು ಅಲ್ಲಿ ಜಾಸ್ತಿ ಏನೂ ಇರಲಿಲ್ಲ.

ಗಾಡ್ಜಿಲ್ಲಾ ಕೂಡ ಹಾಗೇ ಅನ್ನಬಹುದಾ? ಅದು 1954ರಿಂದ ಇರುವ, ನಿಜವಾಗಿಯೂ ಹಳೆಯ ಸರಣಿ. ಅದನ್ನು ಜಪಾನಿನವರು ಮತ್ತೆ ಮತ್ತೆ ಹೊಸದಾಗಿ ಶುರು ಮಾಡಿದ್ದಾರೆ. 1984ರ ಸಿನಿಮಾ ಮೊದಲನೆಯದನ್ನು ಬಿಟ್ಟು ನಡುವಿನದ್ದನ್ನೆಲ್ಲ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, 2016ರದ್ದು ಮೊದಲನೆಯದನ್ನೂ ಬಿಟ್ಟಿತು, 2023ರಲ್ಲಿ ಯುದ್ಧ ಮುಗಿದ ಕಾಲದ ಜಪಾನಿಗೇ ಹೋಗಿ ಇನ್ನೊಂದು ಸಲ ಕಥೆ ಹೇಳಿದರು, ಅದಕ್ಕೆ ವಿಶುವಲ್ ಎಫೆಕ್ಟ್ಸ್‌ನಲ್ಲಿ ಆಸ್ಕರ್ ಕೂಡ ಬಂತು. ಎಲ್ಲವೂ ನಡೆಯಿತು. ಯಾಕೆ ಅಂದರೆ ಗಾಡ್ಜಿಲ್ಲಾಗೆ ಹಿಂದಿನ ಸಿನಿಮಾದ ನೆನಪು ಬೇಕಿಲ್ಲ. ಅದು ಸಮುದ್ರದಿಂದ ಎದ್ದು ಬಂದಾಗ ಕೆಳಗೆ ನಿಂತ ಮನುಷ್ಯನಿಗೆ ಭಯವಾಗಬೇಕು, ಅಷ್ಟು ಸಾಕು. ಅದು ಪ್ರತಿ ಸಲ ಮೊದಲ ಸಲವೇ ಆದರೆ ಭಯ ಇನ್ನೂ ಜಾಸ್ತಿ.

ಡಾಕ್ಟರ್ ಇದಕ್ಕೆ ಪೂರ್ತಿ ವಿರುದ್ಧ. ಅವನ ಮುಖ, ದನಿ, ಬಟ್ಟೆ, ಗುಣ, ಜೊತೆಗಾರರು, ಟಾರ್ಡಿಸ್‌ನ ಒಳಗಿನ ರೂಪ, ಎಲ್ಲ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಒಂದೇ, ನಡೆದುಬಂದದ್ದರ ನೆನಪು. ಅದನ್ನೇ ತೆಗೆದುಬಿಟ್ಟರೆ ಅವನು ಯಾವ ಕಾರಣಕ್ಕೆ ಡಾಕ್ಟರ್ ಆಗುತ್ತಾನೆ? ನೀಲಿ ಪೆಟ್ಟಿಗೆ ಇದೆ ಅನ್ನುವ ಕಾರಣಕ್ಕಾ? ನನ್ನ ಇಡೀ ವಾದ ಇದರ ಮೇಲೆಯೇ ನಿಂತಿದೆ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

1966ರಲ್ಲಿ ಏನಾಯಿತು ಅಂತ ನೆನಪು ಮಾಡಿಕೊಳ್ಳಿ. ಮೊದಲ ಡಾಕ್ಟರ್ ಆಗಿದ್ದ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯ ಕೆಟ್ಟಿತ್ತು, ಸಂಭಾಷಣೆ ನೆನಪಿಟ್ಟುಕೊಳ್ಳುವುದು ಕಷ್ಟವಾಗುತ್ತಿತ್ತು. ಸೀರಿಯಲ್‌ಗೆ ಆಗ ಬರೀ ಮೂರು ವರ್ಷ. ನಿಲ್ಲಿಸಬಹುದಿತ್ತು. ಅಥವಾ ಅವರ ಹಾಗೇ ಕಾಣುವ ಇನ್ನೊಬ್ಬ ಮುದುಕರನ್ನು ತಂದು, ಬಿಳಿ ವಿಗ್ ಹಾಕಿಸಿ, ಏನೂ ಆಗಿಲ್ಲ ಅನ್ನುವಂತೆ ಮುಂದುವರಿಸಬಹುದಿತ್ತು. ಅಥವಾ ಹೊಸ ನಾಯಕನನ್ನಿಟ್ಟು ಹೊಸ ಕಥೆ ಶುರು ಮಾಡಬಹುದಿತ್ತು. ನಿಮ್ಮ ಹಿರಿಯರು ಇದಾವುದನ್ನೂ ಮಾಡಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಆ ಮುದುಕ ಟಾರ್ಡಿಸ್‌ನ ನೆಲದ ಮೇಲೆ ಬಿದ್ದ, ನೋಡುತ್ತಿದ್ದಂತೆ ಅವನ ಜಾಗದಲ್ಲಿ ಪ್ಯಾಟ್ರಿಕ್ ಟ್ರೌಟನ್ ಇದ್ದರು. ಅವರು ಹಾರ್ಟ್ನೆಲ್ ಅವರನ್ನು ಅನುಕರಿಸಲು ಹೋಗಲೇ ಇಲ್ಲ. ಗಿಡ್ಡನೆಯ, ಕೆದರಿದ ಕೂದಲಿನ, ಕೊಳಲಿನಂಥ ಒಂದು ವಾದ್ಯ ಊದುತ್ತಾ ಕೂರುವ ಬೇರೆಯೇ ಮನುಷ್ಯ. ಜೊತೆಗಾರ ಬೆನ್‌ಗೆ ಇವನೇ ಡಾಕ್ಟರ್ ಅಂತ ನಂಬಲಿಕ್ಕೇ ಆಗಲಿಲ್ಲ. ಅವನನ್ನು ಗುರುತು ಹಿಡಿದದ್ದು ಯಾರು ಗೊತ್ತಾ? ಒಂದು ಡ್ಯಾಲೆಕ್! ಲೋಹದ ಚಿಪ್ಪಿನೊಳಗೆ ಕೂತ, ಅವನ ಅತಿ ದೊಡ್ಡ ಶತ್ರು. ಹಳೆಯ ಜಗಳ ಇಬ್ಬರಿಗೂ ನೆನಪಿತ್ತು, ಅಷ್ಟೇ ಸಾಕಾಯಿತು, ಮನೆಯಲ್ಲಿ ಕೂತು ನೋಡುತ್ತಿದ್ದವರಿಗೂ ಇವನೇ ಅವನು ಅಂತ ಗೊತ್ತಾಯಿತು.

ಅಂದರೆ ಹೊಸದಾಗಿ ಶುರು ಮಾಡುವ ವ್ಯವಸ್ಥೆ ಈ ಕಥೆಯ ಒಳಗೇ ಇದೆ. ಬೇರೆ ಯಾವ ಸೀರಿಯಲ್‌ಗೂ ಇಷ್ಟು ಒಳ್ಳೆಯ ವ್ಯವಸ್ಥೆ ಇಲ್ಲ. ಹೊಸ ಡಾಕ್ಟರ್ ಬಂದಾಗೆಲ್ಲ ಹೊಸ ನೋಡುಗರು ಒಳಗೆ ಬರುತ್ತಾರೆ, ಹಳೆಯದು ಹಾಗೇ ಉಳಿಯುತ್ತದೆ. ಇಂಥದ್ದನ್ನು ಕೈಯಲ್ಲಿಟ್ಟುಕೊಂಡು ಹೊರಗಿನಿಂದ ರೀಬೂಟ್ ತರುವ ಅಗತ್ಯ ಏನು?

ಹಳೆಯ ಕಥೆಯ ಹೊರೆ ಜಾಸ್ತಿಯಾಯಿತು ಅನ್ನುತ್ತಾರೆ. ಆದರೆ ಆ ಹೊರೆ ಒಮ್ಮೆಗೇ ಬಂದದ್ದಲ್ಲ. ಡಾಕ್ಟರ್ ಟೈಮ್ ಲಾರ್ಡ್ ಕುಲದವನು ಅಂತ ಮೊದಲು ಹೇಳಿದ್ದು 1969ರಲ್ಲಿ, ಶುರುವಾಗಿ ಆರು ವರ್ಷ ಆದ ಮೇಲೆ. ಅವನ ಗ್ರಹದ ಹೆಸರು ಗ್ಯಾಲಿಫ್ರೇ ಅಂತ ಗೊತ್ತಾಗಿದ್ದು 1973ರಲ್ಲಿ. ಮೊದಲ ಹತ್ತು ವರ್ಷ ನಾಯಕನ ಊರಿನ ಹೆಸರೇ ಗೊತ್ತಿಲ್ಲದೆ ಸೀರಿಯಲ್ ನಡೆಯಿತು, ಯಾರೂ ತಕರಾರು ಮಾಡಲಿಲ್ಲ. 1976ರ ಒಂದು ಕಥೆಯಲ್ಲಿ, ಟೈಮ್ ಲಾರ್ಡ್ ಒಬ್ಬ ಹನ್ನೆರಡು ಸಲ ಮಾತ್ರ ದೇಹ ಬದಲಿಸಬಹುದು ಅಂತ ಯಾರೋ ಒಂದು ನಿಯಮ ಬರೆದುಬಿಟ್ಟರು. ಆಗ ಅದು ದೂರದ ಮಾತು. 2013ರ ಹೊತ್ತಿಗೆ ಅದು ನಿಜವಾಗಿಯೂ ಎದುರು ಬಂದು ನಿಂತಿತು. ಅದನ್ನು ಅಳಿಸಿದರಾ? ಇಲ್ಲ. ಅದನ್ನೇ ಕಥೆ ಮಾಡಿದರು. ಮ್ಯಾಟ್ ಸ್ಮಿತ್ ಅವರ ಡಾಕ್ಟರ್ ಒಂದು ಊರನ್ನು ಕಾಯುತ್ತಾ ನೂರಾರು ವರ್ಷ ಅಲ್ಲೇ ಮುದುಕನಾಗುತ್ತಾನೆ, ಇನ್ನು ಬದಲಾಗಲು ಸರದಿ ಉಳಿದಿಲ್ಲ ಅಂತ ಗೊತ್ತಿದ್ದೂ ಬಿಟ್ಟು ಹೋಗುವುದಿಲ್ಲ. ಕೊನೆಗೆ ಅವನ ಜನ ಅವನಿಗೆ ಹೊಸ ಸರದಿ ಕೊಡುತ್ತಾರೆ. ಮೂವತ್ತೇಳು ವರ್ಷ ಹಿಂದಿನ ಒಂದು ಸಾಲು ಇಲ್ಲದಿದ್ದರೆ ಆ ಕಂತಿಗೆ ಆ ಕಾವು ಎಲ್ಲಿಂದ ಬರುತ್ತಿತ್ತು ಹೇಳಿ.

ಇನ್ನೊಂದು ವಿಷಯ. ಡಾಕ್ಟರ್‌ನನ್ನು ಒಮ್ಮೆ ರೀಬೂಟ್ ಮಾಡಿ ನೋಡಿದ್ದೂ ಆಗಿದೆ. 1965 ಮತ್ತು 1966ರಲ್ಲಿ ಪೀಟರ್ ಕುಶಿಂಗ್ ಅವರನ್ನು ಹಾಕಿ ಎರಡು ಸಿನಿಮಾ ಮಾಡಿದರು. ಟಿವಿಯ ಕಥೆಗಳನ್ನೇ ತೆಗೆದುಕೊಂಡರು, ಆದರೆ ಮೊದಲಿಂದ, ಎಲ್ಲರಿಗೂ ಸುಲಭವಾಗಿ ಅರ್ಥವಾಗುವಂತೆ ಹೇಳಿದರು. ಅಲ್ಲಿ ಅವನು ಬೇರೆ ಲೋಕದವನಲ್ಲ. ಹಿತ್ತಲಲ್ಲಿ ಯಂತ್ರ ಕಟ್ಟಿದ ಒಬ್ಬ ಒಳ್ಳೆಯ ತಾತ, ಮನುಷ್ಯನೇ, ಹೆಸರೂ ಡಾಕ್ಟರ್ ಹೂ ಅಂತಲೇ. ಬಣ್ಣ ಚೆನ್ನಾಗಿತ್ತು, ಡ್ಯಾಲೆಕ್‌ಗಳು ಟಿವಿಗಿಂತ ಭರ್ಜರಿಯಾಗಿದ್ದವು, ಕುಶಿಂಗ್ ದೊಡ್ಡ ನಟ. ಮೂರನೇ ಸಿನಿಮಾ ಬರಲಿಲ್ಲ. ಎಲ್ಲವನ್ನೂ ಸುಲಭ ಮಾಡಲು ಹೋಗಿ ಅವನು ಯಾರು ಅನ್ನುವ ಪ್ರಶ್ನೆಯನ್ನೇ ತೆಗೆದುಹಾಕಿದ್ದರು. ಎರಡನೆಯದು ಬಂದ ಅದೇ ವರ್ಷ ಟಿವಿಯಲ್ಲಿ ಹಾರ್ಟ್ನೆಲ್ ಹೋಗಿ ಟ್ರೌಟನ್ ಬಂದರು, ಆ ದಾರಿ ಇವತ್ತಿಗೂ ನಡೆಯುತ್ತಿದೆ.

ಹೊಸ ನೋಡುಗರಿಗೆ ಹಳೆಯದು ಅಡ್ಡ ಬರುತ್ತದೆ ಅನ್ನುವ ಮಾತಿದೆಯಲ್ಲ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಅಡ್ಡ ಬಂದದ್ದಿದೆ. 1989ರ ಡಿಸೆಂಬರ್‌ನಲ್ಲಿ ಸೀರಿಯಲ್ ನಿಂತ ಮೇಲೆ, 1996ರಲ್ಲಿ ಪಾಲ್ ಮೆಕ್‌ಗ್ಯಾನ್ ಅವರನ್ನು ಹಾಕಿ ಅಮೆರಿಕದವರ ಜೊತೆ ಸೇರಿ ಒಂದು ಟಿವಿ ಸಿನಿಮಾ ಮಾಡಿದಿರಿ. ಶುರುವಾಗುತ್ತಿದ್ದಂತೆ ಮಾಸ್ಟರ್, ಡ್ಯಾಲೆಕ್‌ಗಳು, ಟೈಮ್ ಲಾರ್ಡ್, ಗ್ಯಾಲಿಫ್ರೇ ಅಂತ ಹೆಸರುಗಳ ಮಳೆ. ಅದಾದ ಮೇಲೆ ಹಿಂದಿನ ಡಾಕ್ಟರ್ ಬರುತ್ತಾನೆ, ಅವನಿಗೆ ಗುಂಡೇಟು ಬೀಳುತ್ತದೆ, ಆಸ್ಪತ್ರೆಯಲ್ಲಿ ಸಾಯುತ್ತಾನೆ, ಆಮೇಲಷ್ಟೇ ನಿಜವಾದ ನಾಯಕ ಕಣ್ಣು ಬಿಡುವುದು. ಮೊದಲ ಸಲ ನೋಡುವವರು ಯಾರನ್ನು ನೋಡಬೇಕು, ಯಾಕೆ ನೋಡಬೇಕು?

2005ರ ಮಾರ್ಚ್ 26ರಂದು ಸೀರಿಯಲ್ ಮತ್ತೆ ಬಂದಾಗ ಅದರ ಮುಖ್ಯ ಬರಹಗಾರ ರಸಲ್ ಟಿ. ಡೇವಿಸ್ ಇದನ್ನೇ ತಿರುಗಿಸಿ ಇಟ್ಟರು. ಅಂಗಡಿಯಲ್ಲಿ ಕೆಲಸ ಮಾಡುವ ಹತ್ತೊಂಬತ್ತರ ಹುಡುಗಿ ರೋಸ್. ಬಟ್ಟೆ ಅಂಗಡಿಯ ಬೊಂಬೆಗಳು ಎದ್ದು ನಡೆಯುತ್ತವೆ, ಲೆದರ್ ಜಾಕೆಟ್ ಹಾಕಿದ ಒಬ್ಬ ಮನುಷ್ಯ ಅವಳ ಕೈ ಹಿಡಿದು ಓಡು ಅನ್ನುತ್ತಾನೆ. ಅವಳಿಗೆ ಏನು ಗೊತ್ತೋ ನಮಗೂ ಅಷ್ಟೇ ಗೊತ್ತು. ಕ್ರಿಸ್ಟೊಫರ್ ಎಕ್ಲ್‌ಸ್ಟನ್ ಹೇಗೆ ಡಾಕ್ಟರ್ ಆದರು ಅಂತ ತೋರಿಸಲೇ ಇಲ್ಲ. ಅವನ ಗ್ರಹ ನಾಶವಾಗಿದೆ ಅಂತ ಎರಡನೇ ಕಂತಿನಲ್ಲಿ ಹೇಳಿದರು, ಆದರೆ ಅದರ ಹೆಸರು ಹೇಳಲಿಲ್ಲ. ಗ್ಯಾಲಿಫ್ರೇ ಅನ್ನುವ ಹೆಸರು ಹೊಸ ಸೀರಿಯಲ್‌ನಲ್ಲಿ ಕೇಳಿದ್ದು 2006ರ ಕ್ರಿಸ್‌ಮಸ್ ಕಂತಿನಲ್ಲಿ, ಹೆಚ್ಚೂ ಕಡಿಮೆ ಎರಡು ವರ್ಷದ ನಂತರ! ಹಾಗಿದ್ದೂ ಒಂದು ಸಾಲನ್ನೂ ಅಳಿಸಿರಲಿಲ್ಲ. ಆ ನಡೆದಾಡುವ ಬೊಂಬೆಗಳು 1970ರ ಶತ್ರುಗಳೇ. ಗೊತ್ತಿದ್ದವರು ಖುಷಿಪಟ್ಟರು, ಗೊತ್ತಿಲ್ಲದವರು ಹೆದರಿಕೊಂಡು ನೋಡಿದರು, ಇಬ್ಬರಿಗೂ ಒಂದೇ ಕಂತು ಸಾಕಾಯಿತು. ಬಾಗಿಲು ಚಿಕ್ಕದಾಯಿತು ಅಂದರೆ ಬಾಗಿಲು ದೊಡ್ಡದು ಮಾಡಬೇಕು, ಮನೆಯನ್ನೇ ಕೆಡವುತ್ತಾರಾ?

ಮಾರನೇ ವರ್ಷದ ಒಂದು ಕಂತಿನ ಬಗ್ಗೆ ನಿಮಗೆ ಹೇಳಲೇಬೇಕು. 2006ರ ‘ಸ್ಕೂಲ್ ರಿಯೂನಿಯನ್’. ಎಲಿಸಬೆತ್ ಸ್ಲೇಡನ್ ಅವರ ಸಾರಾ ಜೇನ್ ಸ್ಮಿತ್ 1973ರಿಂದ 1976ರವರೆಗೆ ಡಾಕ್ಟರ್ ಜೊತೆಗಿದ್ದ ಪತ್ರಕರ್ತೆ. ಗ್ಯಾಲಿಫ್ರೇಗೆ ಕರೆ ಬಂತು ಅಂತ ಡಾಕ್ಟರ್ ಅವಳನ್ನು ದಾರಿಯಲ್ಲಿ ಇಳಿಸಿ ಹೋಗಿದ್ದ. ಮೂವತ್ತು ವರ್ಷದ ಮೇಲೆ ಅದೇ ನಟಿ, ಅದೇ ಪಾತ್ರ, ಒಂದು ಶಾಲೆಯ ಕತ್ತಲೆ ಕೋಣೆಯಲ್ಲಿ ಆ ನೀಲಿ ಪೆಟ್ಟಿಗೆ ನೋಡಿ ಹಿಂದೆ ಹಿಂದೆ ಸರಿಯುತ್ತಾಳೆ. ತಿರುಗಿದರೆ ಡೇವಿಡ್ ಟೆನಂಟ್ ಮುಖದಲ್ಲಿ ಅವನು. ಆಮೇಲೆ ಅವಳು ಕೇಳುವ ಪ್ರಶ್ನೆ ಬಹಳ ಸಣ್ಣದು, ಯಾಕೆ ಮತ್ತೆ ಬರಲಿಲ್ಲ ಅಂತ. ಪಕ್ಕದಲ್ಲಿ ನಿಂತ ರೋಸ್‌ಗೆ ಆಗ ಹೊಳೆಯುತ್ತದೆ, ತನಗಿಂತ ಮೊದಲೂ ಒಬ್ಬರಿದ್ದರು, ತನ್ನನ್ನೂ ಒಂದು ದಿನ ಹೀಗೇ ಬಿಟ್ಟು ಹೋಗಬಹುದು. ಎಪ್ಪತ್ತರ ದಶಕದ ಒಂದು ಕಂತನ್ನೂ ನೋಡದವರಿಗೂ ಆ ದೃಶ್ಯ ತಾಕುತ್ತದೆ. ನೋಡಿದವರ ಪಾಡು ಕೇಳಲೇಬೇಡಿ. ನಿಜವಾಗಿ ಕಳೆದ ಮೂವತ್ತು ವರ್ಷ ಆ ನಟಿಯ ಮುಖದಲ್ಲೇ ಇತ್ತು, ಅದನ್ನು ಯಾವ ಮೇಕಪ್ಪೂ ತರಲಾರದು. ರೀಬೂಟ್ ಆಗಿದ್ದಿದ್ದರೆ ಸಾರಾ ಜೇನ್ ಅನ್ನುವ ಹೆಸರಿಟ್ಟುಕೊಂಡ ಇನ್ಯಾರೋ ಇಪ್ಪತ್ತೈದರ ನಟಿ ಬರುತ್ತಿದ್ದರು, ಚೆನ್ನಾಗಿಯೇ ಮಾಡುತ್ತಿದ್ದರು, ಆದರೆ ಆ ಪ್ರಶ್ನೆ ಕೇಳುವ ಹಕ್ಕು ಅವರಿಗೆ ಇರುತ್ತಿರಲಿಲ್ಲ. ಸ್ಲೇಡನ್ 2011ರಲ್ಲಿ ತೀರಿಕೊಂಡರು.

2022ರಲ್ಲಿ ಇದಕ್ಕಿಂತ ದೊಡ್ಡದೇ ಆಯಿತು. ಮೊಟ್ಟಮೊದಲ ಕಂತಿನಲ್ಲಿ ಟಾರ್ಡಿಸ್ ಹತ್ತಿದ ಮೇಷ್ಟ್ರು ಇಯಾನ್ ಪಾತ್ರಕ್ಕೆ ವಿಲಿಯಂ ರಸಲ್ ಮತ್ತೆ ಬಂದರು. ಅವರು ಸೀರಿಯಲ್ ಬಿಟ್ಟದ್ದು 1965ರಲ್ಲಿ. ಬಂದಾಗ 97 ವರ್ಷ. ಜೊತೆಗಾರರಾಗಿದ್ದವರ ಜೊತೆ ಕುರ್ಚಿಯಲ್ಲಿ ಕೂತು, ಡಾಕ್ಟರ್ ಈಗ ಹೆಂಗಸು ಅಂತ ಕೇಳಿ ಅಚ್ಚರಿಪಡುವ ಕೆಲವೇ ಕ್ಷಣದ ದೃಶ್ಯ. ಇದನ್ನು ದುಡ್ಡು ಕೊಟ್ಟು ಮಾಡಿಸಲು ಆಗುವುದಿಲ್ಲ. ಐವತ್ತೇಳು ವರ್ಷ ಕಾದರೆ ಮಾತ್ರ ಆಗುತ್ತದೆ.

ಈಗ ಕಷ್ಟದ ವಿಷಯ. ರೀಬೂಟ್ ಕೇಳುವವರಲ್ಲಿ ತುಂಬಾ ಜನ ನಿಜವಾಗಿ ಕೇಳುವುದು 2020ರ ಕಥೆಯನ್ನು ಅಳಿಸಿ ಅಂತ. ಡಾಕ್ಟರ್ ಹಾರ್ಟ್ನೆಲ್‌ಗಿಂತ ಮೊದಲೂ ಎಷ್ಟೋ ಜನ್ಮ ಕಳೆದಿದ್ದ, ಅವನು ಎಲ್ಲಿಂದಲೋ ಸಿಕ್ಕ ಮಗು, ಟೈಮ್ ಲಾರ್ಡ್‌ಗಳ ದೇಹ ಬದಲಿಸುವ ಶಕ್ತಿಯೇ ಅವನಿಂದ ತೆಗೆದದ್ದು ಅಂತ ಆಗ ಹೇಳಿದಿರಿ. ನನಗೂ ಅದು ಇಷ್ಟವಾಗಲಿಲ್ಲ. ಒಂದು ಹಳೇ ಯಂತ್ರ ಕದ್ದು ಓಡಿಹೋದ ಸಾಮಾನ್ಯನೊಬ್ಬ ಒಳ್ಳೆಯವನಾದ ಅನ್ನುವ ಕಥೆ ನನಗೆ ಪ್ರೀತಿ, ಹುಟ್ಟಿನಿಂದಲೇ ವಿಶೇಷ ಅನ್ನುವ ಕಥೆ ಬೇರೆ ಕಡೆ ಬೇಕಾದಷ್ಟಿದೆ. ಆದರೂ ಅಳಿಸಬೇಡಿ ಅನ್ನುತ್ತೇನೆ. ನನಗೆ ಬೇಡದ್ದು 2020, ಇನ್ನೊಬ್ಬರಿಗೆ ಬೇಡದ್ದು 2005ರ ನಂತರದ್ದೆಲ್ಲ, ಮತ್ತೊಬ್ಬರಿಗೆ ಎಂಬತ್ತರ ದಶಕ. ಹೀಗೆ ಎಲ್ಲರ ಮಾತು ಕೇಳಿ ಅಳಿಸುತ್ತಾ ಹೋದರೆ ಉಳಿಯುವುದೇನು? ಜೊತೆಗೆ ಆ ಕಥೆಯನ್ನೇ ನೋಡಿ ಬೆಳೆದ ಮಕ್ಕಳಿದ್ದಾರೆ, ತಾನು ಎಲ್ಲಿಂದ ಬಂದೆ ಅಂತ ಗೊತ್ತಿಲ್ಲದ ಡಾಕ್ಟರ್ ಅವರಿಗೆ ಬಹಳ ಹತ್ತಿರದವನು. ಅವರ ಡಾಕ್ಟರ್‌ನನ್ನು ನನಗೋಸ್ಕರ ಅಳಿಸುವುದು ಬೇಡ.

ಸುಮ್ನೆ ಮುಂದೆ ಹೋದರೆ ಸಾಕು. 1996ರ ಸಿನಿಮಾದಲ್ಲಿ ಡಾಕ್ಟರ್ ತಾಯಿಯ ಕಡೆಯಿಂದ ಅರ್ಧ ಮನುಷ್ಯ ಅಂತ ಹೇಳಿಸಿದ್ದರು, ನೆನಪಿದೆಯಾ? ಎಷ್ಟು ಜನ ಸಿಟ್ಟಾದರು! ಆ ಮಾತನ್ನು ಸುಳ್ಳು ಮಾಡಲು ಯಾರೂ ಒಂದು ಕಂತು ಖರ್ಚು ಮಾಡಲಿಲ್ಲ. ಅದನ್ನು ಎತ್ತಿಕೊಳ್ಳುವವರು ಹೆಚ್ಚು ಸಿಗಲಿಲ್ಲ, ಅಷ್ಟೇ. ಯಾವತ್ತೋ ಒಬ್ಬ ಒಳ್ಳೆಯ ಬರಹಗಾರ ಅದರಿಂದಲೂ ಏನೋ ಚಂದದ್ದು ಮಾಡಬಹುದು, ಹನ್ನೆರಡರ ನಿಯಮದಿಂದ ಮಾಡಿದ ಹಾಗೆ. (ಸೀಸನ್ ನಂಬರ್ ವಿಷಯದಲ್ಲೂ ಒಂದು ಮಾತು. 1963ರಲ್ಲಿ ಒಂದು ಅಂತ ಶುರು ಮಾಡಿ 26 ಸೀಸನ್‌ವರೆಗೆ ಎಣಿಸಿದಿರಿ, 2005ರಲ್ಲಿ ಮತ್ತೆ ಒಂದು ಅಂದಿರಿ, 2024ರಲ್ಲಿ ಮತ್ತೂ ಒಂದು. ಮೂರು ಮೊದಲ ಸೀಸನ್ ಇದ್ದರೆ ಹೊಸಬರು ಎಲ್ಲಿಂದ ನೋಡಬೇಕು? ಸುಲಭ ಮಾಡಲು ಹೋಗಿ ಕಷ್ಟವಾಗಿದೆ.)

ಅಳಿಸುವ ವಿಷಯದಲ್ಲಿ ನಿಮ್ಮ ಸಂಸ್ಥೆಗೇ ಒಂದು ಅನುಭವ ಇದೆ. ಅರವತ್ತರ ದಶಕದ ಟೇಪುಗಳನ್ನು, ಇನ್ನು ಯಾರು ನೋಡುತ್ತಾರೆ ಅಂತ, ಆಮೇಲಿನ ವರ್ಷಗಳಲ್ಲಿ ಅಳಿಸಿಬಿಟ್ಟರು. ತೊಂಬತ್ತಕ್ಕೂ ಹೆಚ್ಚು ಕಂತುಗಳಿಗೆ ಚಿತ್ರವೇ ಇಲ್ಲದಂತಾಯಿತು. ನಾನು ಮೇಲೆ ಹೇಳಿದ, ಡ್ಯಾಲೆಕ್ ಗುರುತು ಹಿಡಿಯುವ ಆ ಕಥೆಯ ಆರು ಕಂತುಗಳೂ ಅದರಲ್ಲಿ ಸೇರಿವೆ. ಇವತ್ತು ಅದು ಉಳಿದಿರುವುದು ಮನೆಯಲ್ಲಿ ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಧ್ವನಿ ಹಿಡಿದಿಟ್ಟುಕೊಂಡ ನೋಡುಗರಿಂದ. ಕಳೆದುಹೋದ ಎಲ್ಲ ಕಂತುಗಳ ಧ್ವನಿಯೂ ಹೀಗೇ ಉಳಿದಿದೆ, ಅದನ್ನಿಟ್ಟುಕೊಂಡೇ ನೀವು ಅನಿಮೇಷನ್ ಮಾಡುತ್ತಿದ್ದೀರಿ. 2013ರಲ್ಲಿ ನೈಜೀರಿಯಾದ ಒಂದು ಟಿವಿ ಕೇಂದ್ರದಲ್ಲಿ ಒಂಬತ್ತು ಕಂತು ಸಿಕ್ಕವು ಅಂದಾಗ ಜಗತ್ತಿನ ಎಷ್ಟೋ ಕಡೆ ಜನ ಕುಣಿದಾಡಿದರು. ಯಾರಿಗೂ ಬೇಡ ಅಂದುಕೊಂಡದ್ದು ಎಷ್ಟು ಜನಕ್ಕೆ ಬೇಕಾಗಿತ್ತು ಅಂತ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಹೊಸ ಕಲ್ಪನೆಗೆ ಜಾಗವೇ ಬೇಡವಾ ಅಂತ ಕೇಳಿದರೆ, ಅದಕ್ಕೂ ದಾರಿ ಇದೆ. ಜರ್ಮನಿಯಲ್ಲಿ ‘ಪೆರಿ ರೋಡಾನ್’ ಅಂತ ಒಂದು ಸರಣಿ 1961ರಿಂದ ವಾರಕ್ಕೊಂದು ಪುಸ್ತಿಕೆಯಂತೆ ಬರುತ್ತಿದೆ, 2019ರಲ್ಲಿ ಮೂರು ಸಾವಿರದ ಸಂಚಿಕೆ ದಾಟಿತು. ಅದರ ಮೊದಲ ಸಂಚಿಕೆಯಲ್ಲಿ ಮನುಷ್ಯ ಚಂದ್ರನ ಮೇಲೆ ಮೊದಲು ಇಳಿಯುವುದು 1971ರಲ್ಲಿ. ನಿಜವಾಗಿ ಇಳಿದದ್ದು 1969. ಅಂದರೆ ಕಥೆಯ ಭವಿಷ್ಯವನ್ನು ಕಾಲವೇ ದಾಟಿ ಹೋಯಿತು. ಅವರಿಗೆ ರೀಬೂಟ್‌ಗೆ ಒಳ್ಳೆಯ ಕಾರಣವೇ ಇತ್ತು. 2011ರಲ್ಲಿ ‘ನಿಯೋ’ ಅನ್ನುವ ಹೆಸರಲ್ಲಿ ಅದೇ ಕಥೆಯನ್ನು 2036ರಿಂದ ಹೊಸದಾಗಿ ಶುರು ಮಾಡಿದರು. ಆದರೆ ಹಳೆಯದನ್ನು ನಿಲ್ಲಿಸಲಿಲ್ಲ! ಎರಡೂ ಪಕ್ಕಪಕ್ಕದಲ್ಲಿ ನಡೆದವು. 2009ರ ಸ್ಟಾರ್ ಟ್ರೆಕ್ ಸಿನಿಮಾ ಕೂಡ ಹಳೆಯದನ್ನು ಕೊಲ್ಲಲಿಲ್ಲ, ಹಳೆಯ ಸೀರಿಯಲ್‌ನ ಪಾತ್ರವಾದ, ಲೆನಾರ್ಡ್ ನಿಮಾಯ್ ಅವರ ಮುದಿ ಸ್ಪಾಕ್‌ನನ್ನೇ ಹೊಸ ಕಾಲದೊಳಗೆ ತಂದು, ಇದು ಇನ್ನೊಂದು ಕವಲು ಅಂತ ತೋರಿಸಿದರು. ಅಲ್ಲಿ ಮೂರು ಸಿನಿಮಾ ಬಂದವು, ಟಿವಿಯವರು 2017ರಲ್ಲಿ ಮತ್ತೆ ಶುರು ಮಾಡಿದಾಗ ಹಳೆಯ ಕವಲಿಗೇ ವಾಪಸ್ ಹೋದರು. ನಿಮಗೂ ಅಷ್ಟು ಆಸೆ ಇದ್ದರೆ ಒಂದು ಬೇರೆ ಸಿನಿಮಾ ಮಾಡಿ, ರೇಡಿಯೊ ನಾಟಕ ಮಾಡಿ, ಕಾಮಿಕ್ಸ್ ಮಾಡಿ. ಮುಖ್ಯ ದಾರಿ ಮುಚ್ಚಬೇಡಿ. ಅದೂ ಅಲ್ಲದೆ ಪೆರಿ ರೋಡಾನ್‌ಗೆ ಬಂದ ತೊಂದರೆ ಡಾಕ್ಟರ್‌ಗೆ ಬರುವುದೇ ಇಲ್ಲ. ಅವನ 1963 ಇವತ್ತಿಗೂ 1963, ಬೇಕೆಂದಾಗ ಅಲ್ಲಿಗೆ ಹೋಗಿ ಬರಬಹುದು.

ಹಣ ಇಲ್ಲ, ಬರೆಯುವವರು ದಣಿದಿದ್ದಾರೆ ಅಂದರೆ ನಿಲ್ಲಿಸಿ, ನಾವು ಕಾಯುತ್ತೇವೆ. 1989ರಿಂದ 2005ರವರೆಗೆ ನಡುವೆ ಬಂದ ಆ ಒಂದು ಸಿನಿಮಾ ಬಿಟ್ಟರೆ ಟಿವಿಯಲ್ಲಿ ಹೆಚ್ಚೇನೂ ಇರಲಿಲ್ಲ. ಆ ಹದಿನೈದು ವರ್ಷ ಕಥೆ ಸಾಯಲಿಲ್ಲ, ಕಾದಂಬರಿಗಳಲ್ಲಿ ಮತ್ತು ಆಡಿಯೊ ನಾಟಕಗಳಲ್ಲಿ ಬೆಳೆಯಿತು. 2005ರಲ್ಲಿ ಡ್ಯಾಲೆಕ್ ವಾಪಸ್ ಬಂದ ಕಂತು ರಾಬರ್ಟ್ ಶಿಯರ್‌ಮನ್ ಅವರದೇ ಒಂದು ಆಡಿಯೊ ನಾಟಕದಿಂದ ಹುಟ್ಟಿದ್ದು. ಡಾಕ್ಟರ್ ಮನುಷ್ಯನಾಗಿ ಎಲ್ಲವನ್ನೂ ಮರೆತು ಶಾಲೆಯಲ್ಲಿ ಮೇಷ್ಟ್ರಾಗಿರುವ 2007ರ ಕಥೆ ಪಾಲ್ ಕಾರ್ನೆಲ್ ಅವರ 1995ರ ಕಾದಂಬರಿ. ರಸಲ್ ಟಿ. ಡೇವಿಸ್ ಕೂಡ ಆ ಕಾಲದಲ್ಲಿ ಒಂದು ಕಾದಂಬರಿ ಬರೆದಿದ್ದರು. ಇವರೆಲ್ಲ ಹಳೆಯದನ್ನು ಮರೆಯದ ಕಾರಣಕ್ಕೇ ಬರೆದವರು. ಅವರಿಗೆ ಎಲ್ಲ ರದ್ದಾಯಿತು ಅಂದಿದ್ದರೆ ಯಾವುದರ ಮೇಲೆ ಬರೆಯುತ್ತಿದ್ದರು?

ನಿಲ್ಲಿಸಿದ ಹೊತ್ತಿನಲ್ಲಿ ಮಾಡಬಹುದಾದ ಕೆಲಸ ಒಂದಿದೆ. 2023ರಲ್ಲಿ ಎಂಟುನೂರಕ್ಕೂ ಹೆಚ್ಚು ಕಂತುಗಳನ್ನು ನಿಮ್ಮ ಆನ್‌ಲೈನ್ ವಿಡಿಯೊ ಸೇವೆ ಐಪ್ಲೇಯರ್‌ನಲ್ಲಿ ಹಾಕಿದಿರಿ, ಒಳ್ಳೆಯ ಕೆಲಸ. ಆದರೆ ಹಕ್ಕಿನ ತಕರಾರಿನಿಂದ ಮೊಟ್ಟಮೊದಲ ಕಥೆಯೇ ಅದರಲ್ಲಿ ಸೇರಲಿಲ್ಲ. ಐಪ್ಲೇಯರ್ ಬ್ರಿಟನ್ನಿನ ಹೊರಗೆ ಸಿಗುವುದೂ ಇಲ್ಲ. ಹಳೆಯದು ಹೊಸಬರಿಗೆ ಅರ್ಥವಾಗುವುದಿಲ್ಲ ಅನ್ನುವ ಮೊದಲು ಅದನ್ನು ಅವರ ಕೈಗೆ ಸಿಗುವ ಹಾಗೆ ಮಾಡಿ. ಮಕ್ಕಳು ನಾವು ಅಂದುಕೊಂಡಷ್ಟು ಬೇಗ ಹೆದರಿ ಓಡುವುದಿಲ್ಲ.

ಕೊನೆಯದಾಗಿ ಸೂಸನ್ ವಿಷಯ. ಮೊದಲ ಕಂತಿನಲ್ಲಿ ಡಾಕ್ಟರ್ ಒಬ್ಬನೇ ಇರಲಿಲ್ಲ, ಜೊತೆಗೆ ಮೊಮ್ಮಗಳಿದ್ದಳು. 1964ರ ಡಿಸೆಂಬರ್‌ನಲ್ಲಿ, ಅವಳು ಒಬ್ಬ ಹುಡುಗನನ್ನು ಪ್ರೀತಿಸಿ ಅವನ ಜೊತೆ ಬಾಳಲಿ ಅಂತ, ಡಾಕ್ಟರ್ ಅವಳನ್ನು ಹೊರಗೆ ಬಿಟ್ಟು ಟಾರ್ಡಿಸ್‌ನ ಬಾಗಿಲು ಹಾಕಿಕೊಂಡ. ಒಂದು ದಿನ ವಾಪಸ್ ಬರುತ್ತೇನೆ ಅಂತ ಮಾತು ಕೊಟ್ಟ. 1983ರ ವಿಶೇಷ ಕಂತಿನಲ್ಲಿ ಇಬ್ಬರೂ ಒಂದೇ ಕಡೆ ಸೇರಿದರು ನಿಜ, ಆದರೆ ಅಲ್ಲಿಗೆ ಅವರನ್ನು ಬೇರೆಯವರು ಎಳೆದು ತಂದಿದ್ದರು. ತಾನಾಗಿ ಹೋಗಿ, ಬಾಗಿಲು ತಟ್ಟಿ, ಮೊಮ್ಮಗಳನ್ನು ಕಂಡದ್ದು ಟಿವಿಯಲ್ಲಿ ಇನ್ನೂ ಆಗಿಲ್ಲ. 2025ರಲ್ಲಿ ಕ್ಯಾರಲ್ ಆನ್ ಫೋರ್ಡ್ ಅವರನ್ನೇ ಕರೆಸಿ ಅವಳ ಮುಖವನ್ನು ಡಾಕ್ಟರ್‌ನ ಮನಸ್ಸಿನೊಳಗೆ ತೋರಿಸಿದಿರಿ, ತನ್ನನ್ನು ಹುಡುಕು ಅಂತ ಅವಳು ಕರೆದಳು, ಅಲ್ಲಿಗೇ ಬಿಟ್ಟಿರಿ. ಅವರಿಗೆ ಎಂಬತ್ತು ದಾಟಿದೆ. ರೀಬೂಟ್ ಆದರೆ ಆ ಮಾತು ಯಾರೂ ಕೊಟ್ಟಿದ್ದೇ ಅಲ್ಲ ಅಂತಾಗುತ್ತದೆ. ಬಜೆಟ್ ಕಡಿಮೆ ಇದ್ದರೂ ಪರವಾಗಿಲ್ಲ, ಒಂದು ಕೋಣೆ, ಇಬ್ಬರು ನಟರು ಸಾಕು, ಡ್ಯಾಲೆಕ್ ಬೇಡ, ಸ್ಫೋಟ ಬೇಡ. ಮುಂದಿನ ಡಾಕ್ಟರ್ ಯಾರೇ ಆಗಲಿ, ಯಾವ ಮುಖವೇ ಇರಲಿ, ಮೊದಲು ಈ ಕಂತು ಬರೆಸಿ. ಇದೊಂದನ್ನು ಮಾತ್ರ ತಡ ಮಾಡಬೇಡಿ.

ಇಂತಿ,
ದೂರದಿಂದ ನೋಡುವ ನಿಮ್ಮ ಒಬ್ಬ ನೋಡುಗ